ಬೆಕ್ಕಿನ ಪಾಲು

ಬೆಳಿಗ್ಗೆ ಎದ್ದಾಗಿನಿಂದ ಹೊಟ್ಟೆಯೊಳಗಿನದು ಮಿಸುಕಿರಲಿಲ್ಲ. ತುರ್ಸಿನಿ ಮೊದಲು ಅದನ್ನು ನಂಬಲಿಲ್ಲ. ನಿದ್ದೆ ಮಾಡುತ್ತಿರಬೇಕು, ಸೋಮಾರಿ, ಅಪ್ಪನ ಹಾಗೆ, ಎಂದು ತನಗೆ ತಾನೇ ತಮಾಷೆ ಮಾಡಿಕೊಂಡಳು. ಬಾವಿಕಟ್ಟೆಗೆ ಬಂದು ಬಕೆಟ್ಟು ಕೆಳಗಿಟ್ಟು ನಿಂತಾಗ ಆ ತಮಾಷೆ ಗಂಟಲಲ್ಲೇ ಸಿಕ್ಕಿಕೊಂಡಿತು. ದಿನಾ ಈ ಹೊತ್ತಿಗೆ, ಮಸೀದಿಯ ಬಾಂಗು ಮುಗಿದು ಕೋಳಿಗಳು ಅಂಗಳಕ್ಕೆ ಇಳಿಯುವ ಹೊತ್ತಿಗೆ, ಅದು ಎಡಪಕ್ಕೆಯಲ್ಲಿ ಹಿಮ್ಮಡಿ ಊರಿ ಒಮ್ಮೆ ಹೊರಳುತ್ತಿತ್ತು. ಇವತ್ತು ಇಲ್ಲ. ಅವಳು ಅಂಗೈಯನ್ನು ಹೊಟ್ಟೆಯ ಮೇಲಿಟ್ಟು ಕಾದಳು. ಒಳಗೆ ಯಾರೂ ಇಲ್ಲದ ಮನೆಯ ಬಾಗಿಲು ತಟ್ಟುತ್ತ ನಿಂತ ಹಾಗೆ ನಾಚಿಕೆಯಾಯಿತು. ಆಮೇಲೆ ಬೆರಳಿಗೆ ಉಪ್ಪು ಹಚ್ಚಿಕೊಂಡು ಹಲ್ಲು ಉಜ್ಜಿದಳು, ನಿನ್ನೆ ಸಂಜೆಯೂ ಉಜ್ಜಿದ್ದಳು, ಒಸಡಿನಿಂದ ರಕ್ತ ಬರುವಷ್ಟು ಉಜ್ಜಿದ್ದಳು. ಉಗುಳಿದ ನೀರು ತಿಳಿಯಾಗಿಯೇ ಇತ್ತು. ಆದರೂ ಬಕೆಟ್ಟಿನ ನೀರಿನಲ್ಲಿ ಬಾಯಿ ಕಿಸಿದು ನೋಡಿಕೊಂಡಾಗ ಹಲ್ಲುಸಂದಿಯಲ್ಲಿ ಕಪ್ಪು ಗೆರೆಗಳು ಕಂಡಂತಾದವು. ಕಂಡವೋ, ಕಂಡಂತಾಯಿತೋ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಗೊತ್ತಾಗುವುದಿಲ್ಲವೇ ಎನ್ನುತ್ತಾರೆ. ಇವಳು ಕದ್ದು ತಿಂದದ್ದು ಬೆಕ್ಕಿನದ್ದನ್ನೇ.

"ತುರ್ಸಿನೀ, ಉಣ್ಣೋಕೆ ಬಾ. ಇವತ್ತು ತೂಕದ ದಿನ, ಬೇಗ ಹೋಗ್ಬೇಕು" ಎಂದು ಅತ್ತೆ ಒಳಗಿನಿಂದ ಕರೆದಳು. ಅತ್ತೆಯನ್ನು ಅವಳೂ ಊರೂ ಮಾಕ್ ಎಂದೇ ಕರೆಯುವುದು. ಚಾಪೆಯ ಮೇಲೆ ಚಹಾದ ಬಸಿ ಇತ್ತು. ಬಸಿಯ ಮೇಲೆ ಒಂದು ಹಿಡಿ ಅನ್ನ, ಬೇಯಿಸಿದ ಸೊಪ್ಪು, ಹುದುಗಿಸಿದ ಸೋಯಾಕಾಳಿನ ತೆಂಪೆಯ ಬೆರಳಿನಷ್ಟು ತುಂಡು. ಬಸುರು ಗೊತ್ತಾದ ದಿನವೇ ಮಾಕ್ ಅವಳ ತಟ್ಟೆಯನ್ನು ತೊಳೆದು ಒರೆಸಿ ಅಟ್ಟಕ್ಕೆ ಏರಿಸಿದ್ದಳು. ಬಸುರಿ ದೊಡ್ಡ ತಟ್ಟೆಯಲ್ಲಿ ಉಂಡರೆ ಮಾಸು ದೊಡ್ಡದಾಗುತ್ತದೆ, ಹೆರಿಗೆಯಲ್ಲಿ ಹೊರಗೆ ಬೀಳುವುದಿಲ್ಲ, ತಾಯಿ ಉಳಿಯುವುದಿಲ್ಲ. ಈ ಕರಾವಳಿಯಲ್ಲಿ ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ; ತುರ್ಸಿನಿಯೂ ತನ್ನ ಅಕ್ಕ ಬಸಿಯಲ್ಲಿ ಉಣ್ಣುವುದನ್ನು ನೋಡಿ ನಕ್ಕವಳೇ. ಮೀನು ತಿಂದರೆ ಕೂಸಿನ ಮೈ ಜನ್ಮಪೂರ್ತಿ ನಾರುತ್ತದೆ. ಮೊಟ್ಟೆ ತಿಂದರೆ ಮೈತುಂಬ ಕುರು. ಜೋಡಿ ಬಾಳೆಹಣ್ಣು ತಿಂದರೆ ಏನಾಗುತ್ತದೆಂದು ಬಾಯಿಬಿಟ್ಟು ಹೇಳುವುದೂ ಬೇಡ. ಎಲ್ಲಕ್ಕಿಂತ ಕೆಟ್ಟದ್ದು ಬೊಂಡಾಸ್. ಮೂಳೆಯಿಲ್ಲದ, ಮಸಿ ಕಾರುವ ಆ ಕಡಲಪ್ರಾಣಿ ಈಜುವುದು ಹಿಂದಕ್ಕೆ. ಅದನ್ನು ತಿಂದವಳ ಕೂಸೂ ಹೊರಗೆ ಬರುವ ಹೊತ್ತಿಗೆ ಹಿಂದಕ್ಕೆ ಸರಿಯುತ್ತದೆ. ಊರಿಗೆ ಊರೇ ಬದುಕುವುದು ಬೊಂಡಾಸಿನ ಮೇಲೆ. ಅವಳ ಗಂಡ ಕಸ್ನಾವಿ ಹತ್ತಿದ ದೋಣಿ ಈಗ ಎಲ್ಲೋ ಬೋರ್ನಿಯೊದ ಆಚೆ ರಾತ್ರಿಯ ಕಡಲಿಗೆ ದೀಪ ಚೆಲ್ಲಿ ಅದನ್ನೇ ಹಿಡಿಯುತ್ತಿರಬೇಕು, ಫೋನು ಸಿಗದ ಕಡೆ. ಊರಿನ ಬಸುರಿಯರು ಮಾತ್ರ ಸೊಪ್ಪು ತಿನ್ನುತ್ತಾರೆ.

ಬಸಿ ಖಾಲಿಯಾಗುವುದಕ್ಕೆ ಎಷ್ಟು ಹೊತ್ತು. ಕೊನೆಯ ಅಗುಳನ್ನು ಬೆರಳಿಗೆ ಅಂಟಿಸಿಕೊಂಡು ತಿನ್ನುವಾಗ ಮಾಕ್ ತನ್ನ ಬಾಯಿಯನ್ನೇ ನೋಡುತ್ತಿದ್ದಾಳೆ ಅನ್ನಿಸಿ ತುರ್ಸಿನಿಯ ಜೀವ ಹಾರಿತು. ಕುಂಬಳಕಾಯಿ ಕಳ್ಳನ ಹಾಗೆ ಅಂಗಿಯ ತೋಳಿನಿಂದ ತುಟಿ ಒರೆಸಿಕೊಂಡಳು. ಬಾಯಲ್ಲಿ ಒಂದೂ ಹಲ್ಲಿಲ್ಲದ ಮಾಕ್ ಅನ್ನವನ್ನು ಚಹಾದಲ್ಲಿ ಕಿವುಚಿ, ಒಸಡಿನಿಂದ ಒತ್ತಿ ಒತ್ತಿ ನುಂಗುತ್ತಿದ್ದಳು. ನಿನ್ನೆ ಮಧ್ಯಾಹ್ನ ಹೀಗೆಯೇ ಕೂತಿದ್ದು ಎದ್ದು, ಬಿದಿರಿನ ಮುಚ್ಚಳ ತೆಗೆದು, ಬೊಂಡಾಸಿನ ಕಪ್ಪು ಸಾರಿದ್ದ ತಟ್ಟೆಯನ್ನು ಅದರ ಕೆಳಗೆ ತಳ್ಳಿ, "ಇದು ಬೆಕ್ಕಿಗೆ, ಮುಟ್ಬೇಡ. ಕುರಾನ್ ಓದೋಕೆ ಹೋಗಿ ಬರ್ತೀನಿ" ಎಂದು ಹೊರಟುಹೋಗಿದ್ದಳು. ಬೆಕ್ಕು ಬರಲಿಲ್ಲ. ತುರ್ಸಿನಿ ಬಾಗಿಲಲ್ಲಿ ಕೂತು ಬೆಕ್ಕನ್ನು ಕಾದಳು, ಬರಲಿ ಎಂದು ದೇವರಲ್ಲಿ ಬೇಡಿಕೊಂಡಳು, ಅದು ನಿಜ. ಬೆಳ್ಳುಳ್ಳಿ, ನಿಂಬೆಹುಲ್ಲು, ಮಸಿಯ ಆ ಸಿಹಿಗಪ್ಪು ವಾಸನೆ ಬಿದಿರಿನ ತೂತುಗಳಿಂದ ಹೊರಗೆ ಬಂದು ಅವಳ ಪಕ್ಕದಲ್ಲೇ ಕೂತಿತು. ಆಮೇಲಿನದ್ದು ಅವಳಿಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ತಟ್ಟೆ ನೆಕ್ಕಿದ್ದು. ಅಂಗಳದ ಮೂಲೆಯಲ್ಲಿ ಬೂದಿಯಿಂದ ಬೆರಳು ತಿಕ್ಕಿದ್ದು. ಸಂಜೆಯವರೆಗೆ ಒಳಗಿನದು ಆಡಿತ್ತೋ ಇಲ್ಲವೋ ಎಷ್ಟು ಯೋಚಿಸಿದರೂ ನೆನಪಾಗದೆ, ಈಗ ಅದು ಹೆದರಿಕೆಯಾಗಿ ಬೆಳೆಯುತ್ತಿತ್ತು.

ತಿಂಗಳಿಗೊಮ್ಮೆ ಮಕ್ಕಳನ್ನೂ ಬಸುರಿಯರನ್ನೂ ತೂಗಿ ನೋಡುವ ಜಾಗಕ್ಕೆ ಒಣಗುಚಪ್ಪರಗಳ ನಡುವೆಯೇ ಹೋಗಬೇಕು. ಬಿದಿರಿನ ತಟ್ಟಿಗಳ ಮೇಲೆ ಸೀಳಿದ ಬೊಂಡಾಸುಗಳು ಸಾಲುಸಾಲಾಗಿ ಬಿಸಿಲಿಗೆ ಬಿದ್ದಿದ್ದವು. ಅವುಗಳಿಗೆ ರೆಪ್ಪೆಯಿಲ್ಲ, ಒಣಗಿದ ಮೇಲೂ ಕಣ್ಣು ಬಿಟ್ಟೇ ಇರುತ್ತವೆ. ಇಷ್ಟು ದಿನ ಕೂಲಿಗೆ ಬಂದು ತಾನೇ ಮಗುಚಿ ಹಾಕಿದ ಅವು ಇವತ್ತು ತನ್ನನ್ನು ಗುರುತು ಹಿಡಿಯುತ್ತವೆ ಎಂಬ ಹುಚ್ಚು ಯೋಚನೆ ಬಂದು ತುರ್ಸಿನಿ ನೆಲ ನೋಡುತ್ತ ನಡೆದಳು. ಚಪ್ಪರದ ಆ ಕೊನೆಯಲ್ಲಿ ಯು ಮುಂತಿಯಾ ಇದ್ದಳು. ಯು ಎಂದರೆ ಅಕ್ಕ. ತುರ್ಸಿನಿ ಮದುವೆಯಾಗಿ ಈ ಊರಿಗೆ ಬಂದಾಗ ಮೊದಲು ಮಾತಾಡಿಸಿದವಳು, ಚೂರಿ ಹಿಡಿಯುವುದನ್ನು ಕಲಿಸಿದವಳು, ಬಟ್ಟಲಲ್ಲಿ ಉಳಿದ ತಿಂಡಿಯನ್ನು ಎರಡು ಪಾಲು ಮಾಡಿ ದೊಡ್ಡದನ್ನು ಇವಳಿಗೆ ಕೊಡುತ್ತಿದ್ದವಳು. ಹೋದ ಮಳೆಗಾಲದಲ್ಲಿ ಅವಳ ಕೂಸು ಕಾಲು ಮುಂದಾಗಿ ಬಂದು, ತಲೆ ಒಳಗೇ ಸಿಕ್ಕಿಕೊಂಡು, ಉಸಿರು ಕಾಣದೆ ಹೋಯಿತು. ಮುಂತಿಯಾ ಬೊಂಡಾಸ್ ತಿಂದಿದ್ದಳು ಎಂದು ಮೊದಲು ಯಾರು ಅಂದರೋ ಗೊತ್ತಿಲ್ಲ. ಈಗ ಅದು ಅವಳ ಹೆಸರಿನ ಜೊತೆ ಸೇರಿಹೋಗಿದೆ. ಅವಳ ಕೈಗೆ ಯಾರೂ ಎಳೆಗೂಸು ಕೊಡುವುದಿಲ್ಲ. ಬಸುರಿಯರು ಅವಳು ಕೂತ ಮಣೆಯಲ್ಲಿ ಕೂರುವುದಿಲ್ಲ. ಅವಳೂ ಅದನ್ನು ಒಪ್ಪಿಕೊಂಡವಳ ಹಾಗೆ, ದಾರಿಯಲ್ಲಿ ಹೊಟ್ಟೆಹೊತ್ತವರು ಎದುರಾದರೆ ತಾನೇ ಬೇಲಿಯ ಕಡೆ ತಿರುಗಿಬಿಡುತ್ತಾಳೆ.

ಇವತ್ತು ತಿರುಗಲಿಲ್ಲ. ಕೈ ಒರೆಸಿಕೊಳ್ಳುತ್ತ ಎದ್ದು, "ಏನೇ, ಮುಖ ಇಷ್ಟು ಬಿಳುಚಿಕೊಂಡಿದೆ? ಉಂಡಿಯಾ?" ಎಂದಳು.

ತುರ್ಸಿನಿಯ ಕೈ ಅವಳನ್ನು ಕೇಳದೆ ಹೊಟ್ಟೆಯ ಮೇಲೆ ಹೋಯಿತು. ಬಾಯಿ ಅವಳನ್ನು ಕೇಳದೆ ವಟಗುಟ್ಟಿತು: ಅಮಿತ್ ಅಮಿತ್, ಕೂಸಿಗೆ ತಾಗದಿರಲಿ, ಅಮಿತ್ ಅಮಿತ್. ಕುಂಟನನ್ನು ಕಂಡರೆ, ಸತ್ತ ಹಾವನ್ನು ಕಂಡರೆ, ಹೆಣ ಕಂಡರೆ ಬಸುರಿಯರು ಹೊಟ್ಟೆ ಸವರಿ ಹೇಳಿಕೊಳ್ಳುವ ಮಾತು. ಮುಂತಿಯಾಳಿಗೆ ಅದು ಕೇಳಿಸಿತು. ಅವಳ ಮುಖದಲ್ಲಿ ಕೋಪ ಬಂದಿದ್ದರೆ ತುರ್ಸಿನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು "ಹೇಳ್ಕೋ, ಹೇಳ್ಕೋ, ಒಳ್ಳೇದೇ" ಎಂದು ತಲೆಯಾಡಿಸಿ ಮತ್ತೆ ಕೂತು ಚೂರಿ ಎತ್ತಿಕೊಂಡಳು. ನಾನೂ ತಿಂದಿದೀನಿ ಯು, ನಾನೂ ನಿನ್ನ ಹಾಗೆಯೇ, ಎಂದು ಕೂಗಬೇಕೆನಿಸಿತು ತುರ್ಸಿನಿಗೆ. ಕೂಗುವ ಧೈರ್ಯ ಯಾರಿಗಿದೆ. ಮುಂದಿನ ಮಳೆಗಾಲಕ್ಕೆ ಆ ಚಪ್ಪರದ ಕೊನೆಯಲ್ಲಿ ಎರಡು ಮಣೆ ಇರುತ್ತವೆ, ಒಂದು ಮುಂತಿಯಾಳದು, ಒಂದು ತನ್ನದು, ಎಂದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಮಾಕ್ ಮಾತ್ರ ಹಿಂದೆ ಉಳಿದು ಮುಂತಿಯಾಳ ಹತ್ತಿರ ಬಗ್ಗಿ ಏನೋ ಹೇಳುತ್ತಿದ್ದಳು. ಬೈಯುತ್ತಿರಬೇಕು, ನನ್ನ ಸೊಸೆಯನ್ನು ಯಾಕೆ ಮಾತಾಡಿಸಿದೆ ಎಂದು.

ಊರಿನ ಮುಖಂಡನ ಜಗಲಿಯಲ್ಲಿ ಹೆಂಗಸರು ಆಗಲೇ ನೆರೆದಿದ್ದರು. ಮಕ್ಕಳನ್ನು ಚೀಲದಲ್ಲಿ ಕೂರಿಸಿ ತೂಗುಹಾಕುವುದು, ಅವು ಅರಚುವುದು, ಹೆಸರುಕಾಳಿನ ಪಾಯಸದ ದೊಡ್ಡ ಪಾತ್ರೆ, ಬೇಯಿಸಿದ ಮೊಟ್ಟೆಗಳ ಬುಟ್ಟಿ. ಬಸುರಿಯರಿಗೆ ತಲಾ ಒಂದು ಮೊಟ್ಟೆ. ತುರ್ಸಿನಿಯ ಅಂಗೈಗೆ ಬಂದದ್ದು ಇನ್ನೂ ಬಿಸಿಯಾಗಿತ್ತು. ಅದರ ಬಿಸಿ ಅವಳ ತೋಳಿಗೆ ಏರುವುದರೊಳಗೆ ಮಾಕ್ ಅದನ್ನು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. "ಮನೇಲಿ ತಿಂತಾಳೆ" ಎಂದು ಬೇರೆ ಯಾರೂ ಕೇಳದಿದ್ದರೂ ಹೇಳಿದಳು. ಸೂಲಗಿತ್ತಿಯ ಓದು ಓದಿ ಪಟ್ಟಣದಿಂದ ಬರುವ ಬು ರೆತ್ನೊ, ಬು ಎಂದರೆ ಅಮ್ಮಾವ್ರು, ತುರ್ಸಿನಿಯ ತೋಳಿಗೆ ದಪ್ಪ ಅಳೆಯುವ ಪಟ್ಟಿ ಸುತ್ತಿದಳು. ಪಟ್ಟಿಯ ಒಂದು ತುದಿ ಕೆಂಪು, ಉಳಿದದ್ದು ಬಿಳಿ. ಬಿಳಿಯಲ್ಲಿ ನಿಂತರೆ ಒಳ್ಳೆಯದು. ಅದು ಕೆಂಪಿನ ಒಳಗೆ ಎಷ್ಟು ದೂರ ಹೋಗಿ ನಿಂತಿತೆಂದರೆ ಹಿಂದಿನಿಂದ ಯಾರೋ, "ಅಯ್ಯೋ, ಕೋಳಿಕಾಲಿಗೂ ಇದಕ್ಕಿಂತ ಮಾಂಸ ಇರುತ್ತೆ ಕಣ್ರೇ" ಎಂದರು. ಎಲ್ಲರೂ ನಕ್ಕರು. ತುರ್ಸಿನಿಯೂ ನಕ್ಕಳು, ತುಟಿ ಬಿಡಿಸದೆ.

"ಏನು ತಿಂತೀಯಾ ದಿನಾ?" ಎಂದು ಬು ರೆತ್ನೊ ಕೇಳಿದಳು.

"ಎಲ್ಲಾ ತಿಂತಾಳೆ" ಎಂದಳು ಮಾಕ್.

"ನಿಮ್ಮನ್ನ ಕೇಳ್ಲಿಲ್ಲ ಮಾಕ್. ಮೀನು? ಮೊಟ್ಟೆ?"

ತುರ್ಸಿನಿ ತಲೆಯಾಡಿಸಿದಳು. ಹೌದೆಂದೂ ಆಗಬಹುದು, ಇಲ್ಲವೆಂದೂ ಆಗಬಹುದು, ಹಾಗೆ.

"ಕೂಸು ಚೆನ್ನಾಗಿ ಆಡ್ತಿದೆಯಾ?"

"ಆಡ್ತಿದೆ ಬು."

ಈ ಸುಳ್ಳು ತಾನಾಗಿ ಬಾಯಿಂದ ಬಿತ್ತು. ಇಷ್ಟು ಜನರ ಮುಂದೆ ಇನ್ನೇನು ಹೇಳುವುದು? ಆಡುತ್ತಿಲ್ಲ ಅಂದರೆ ಯಾಕೆ ಅನ್ನುತ್ತಾರೆ, ಯಾಕೆ ಅಂದರೆ ಏನು ತಿಂದೆ ಅನ್ನುತ್ತಾರೆ. ಹೇಳದಿದ್ದರೆ ಕೂಸು ಹೋಗುತ್ತದೆ, ಹೇಳಿದರೆ ನಾನು ಹೋಗುತ್ತೇನೆ. ಹೀಗೆ ಲೆಕ್ಕ ಹಾಕುತ್ತಿರುವಾಗಲೇ ತಾನು ಎಂಥ ತಾಯಿ ಎಂಬ ಭಯ ಇನ್ನೊಂದು ಕಡೆಯಿಂದ ಬಂದು ಕುತ್ತಿಗೆ ಹಿಡಿಯಿತು. ಮರ್ಯಾದೆಗೆ ಕೂಸನ್ನು ತೂಗಿ ನೋಡುವವಳು. ಇಂಥವಳ ಹೊಟ್ಟೆಯಲ್ಲಿ ಯಾವುದು ತಾನೇ ಉಳಿಯುತ್ತದೆ.

ಪರದೆಯ ಹಿಂದೆ ಮಂಚವಿತ್ತು. ಮಲಗಿದ ಅವಳ ಹೊಟ್ಟೆಗೆ ಬು ರೆತ್ನೊ ತಣ್ಣನೆಯ ಲೋಳೆ ಸವರಿ ಎದೆಬಡಿತ ಕೇಳುವ ಯಂತ್ರವನ್ನು ಒತ್ತಿದಳು. ಮಾಕ್ ಕಾಲಕಡೆ ನಿಂತಿದ್ದಳು. ಯಂತ್ರದಿಂದ ಸರಸರ ಸದ್ದು ಬಂತು, ಮರಳಿನ ಮೇಲೆ ನೀರು ಹಿಂದೆ ಸರಿಯುವ ಸದ್ದು. ಹಿಂದೆ ಸರಿಯುವ. ಬು ರೆತ್ನೊ ಯಂತ್ರವನ್ನು ಕೆಳಗೆ ಒಯ್ದಳು, ಬಲಕ್ಕೆ ಒಯ್ದಳು, ಅವಳ ಹುಬ್ಬು ಗಂಟಾಯಿತು. ಮತ್ತೆ ಎಡಕ್ಕೆ. ಹೊರಗೆ ಯಾವುದೋ ಮಗು ಹಟ ಮಾಡುತ್ತಿತ್ತು. ಹೊರಗಿನವರ ಮಕ್ಕಳೆಲ್ಲ ಅಳುತ್ತಿವೆ, ಎಷ್ಟು ಪುಣ್ಯವಂತ ಮಕ್ಕಳು, ಅಂದುಕೊಂಡಳು ತುರ್ಸಿನಿ. ತಾಳಲಾಗಲಿಲ್ಲ.

"ಸುಳ್ಳು ಹೇಳಿದೆ ಬು. ಬೆಳಿಗ್ಗೆಯಿಂದ ಆಡಿಲ್ಲ. ನಿನ್ನೆಯಿಂದಾನೇ ಇಲ್ವೇನೋ. ನಾನು ಬೊಂಡಾಸ್ ತಿಂದುಬಿಟ್ಟೆ. ಬೆಕ್ಕಿಗಿಟ್ಟಿದ್ದು. ಮಸಿ ಸಮೇತ. ತಟ್ಟೆ ತುಂಬ ಇತ್ತು, ಎಲ್ಲಾ ತಿಂದೆ."

ಹೇಳುವಾಗ ಬಾಯಿ ಪೂರ್ತಿ ತೆರೆದಿತ್ತು. ಯಾರು ಬೇಕಾದರೂ ನೋಡಿಕೊಳ್ಳಲಿ. ಮಾಕ್‌ಳ ಮುಖ ನೋಡುವ ಶಕ್ತಿ ಮಾತ್ರ ಇರಲಿಲ್ಲ. ಆದರೆ ಪಾದದ ಮೇಲೆ ಮಾಕ್‌ಳ ಕೈ ಬಂದು ಬಿದ್ದದ್ದು ಗೊತ್ತಾಯಿತು. ಆಗಲೇ ಯಂತ್ರ ಪಕ್ಕೆಯ ಹತ್ತಿರ, ಯಾರೂ ಹುಡುಕದ ಮೇಲಿನ ಜಾಗದಲ್ಲಿ, ಅದನ್ನು ಹಿಡಿಯಿತು. ಯಾರೋ ಅವಸರದಲ್ಲಿ ಒರಳಿನಲ್ಲಿ ಕುಟ್ಟುತ್ತಿರುವ ಹಾಗೆ, ಬಿಡುವಿಲ್ಲದೆ, ಉಸಿರು ತೆಗೆದುಕೊಳ್ಳದೆ. ತುರ್ಸಿನಿ ಅಳಲಿಲ್ಲ. ಕಿವಿಗೊಟ್ಟು ಕೇಳಿದಳು.

"ಇದೆ, ಇಲ್ಲೇ ಇದೆ" ಎಂದಳು ಬು ರೆತ್ನೊ. ಅವಳ ಹಣೆಯಲ್ಲೂ ಬೆವರು. "ತಲೆ ಮೇಲಿಟ್ಟುಕೊಂಡು ಕೂತಿದೆ, ಅದಕ್ಕೇ ಬೇಗ ಸಿಗ್ಲಿಲ್ಲ. ಇನ್ನೂ ತಿರುಗೋಕೆ ಹೊತ್ತಿದೆ, ಬಹಳ ಮಕ್ಕಳು ತಿರುಗ್ತವೆ. ಆದ್ರೆ ಆಡೋದು ಕಡಿಮೆ ಆದ್ರೆ ಆವತ್ತೇ ಬರ್ಬೇಕು, ತೂಕದ ದಿನ ಕಾಯ್ಕೊಂಡು ಕೂರೋದಲ್ಲ. ಗೊತ್ತಾಯ್ತಾ? ನಾಳೆ ಪಟ್ಟಣಕ್ಕೆ ಬಾ, ಸ್ಕ್ಯಾನ್ ಮಾಡಿ ನೋಡೋಣ." ಪಾಯಸದ ಬಟ್ಟಲು ತರಿಸಿ ಮಂಚದ ಮೇಲೇ ಕೂರಿಸಿ ಕುಡಿಸಿದಳು, ಎಡಕ್ಕೆ ಮಲಗಿಸಿದಳು, ಆಮೇಲೆ ಮಾಕ್‌ಳ ಕಡೆ ತಿರುಗಿದಳು. "ಬೊಂಡಾಸ್‌ನಿಂದ ಏನೂ ಆಗಿಲ್ಲ. ಅದೊಂದೇ ಅವಳು ಹೊಟ್ಟೆಗೆ ಹಾಕ್ಕೊಂಡಿರೋ ಗಟ್ಟಿ ಪದಾರ್ಥ ಅಂತ ಕಾಣುತ್ತೆ. ಒಳಗಿರೋದಕ್ಕೆ ಒದೆಯೋಕೂ ಶಕ್ತಿ ಬೇಡ್ವಾ ಮಾಕ್? ಬಸೀಲಿ ಹಾಕ್ತಿದೀರಾ, ಅಲ್ವಾ?"

ಮಾಕ್ ಯಾರಿಗೋ ಉತ್ತರ ಕೊಡುವಂತೆ, ಬು ರೆತ್ನೊಗಲ್ಲ, "ನಾನೂ ಬಸೀಲೇ ಉಂಡೆ" ಎಂದಳು. "ಪ್ರತಿ ಸಲಾನೂ ಬಸೀಲೇ. ಉಪ್ಪು ಅನ್ನ ಬಿಟ್ಟು ಏನೂ ಮುಟ್ಲಿಲ್ಲ. ಆದ್ರೂ ಕಸ್ನಾವಿಗಿಂತ ಮುಂಚಿನವು ಮೂರೂ ಹೋದ್ವು."

ಈ ಮನೆಗೆ ಬಂದಾಗಿನಿಂದ ತುರ್ಸಿನಿ ಆ ಮೂರರ ಮಾತು ಕೇಳಿರಲಿಲ್ಲ. ಆಗ ಒಳಗಿನದು ಒಮ್ಮೆ, ತೀರಾ ಮೆತ್ತಗೆ, ಪಾಯಸದ ಸಿಹಿಗೆ ಎಚ್ಚರಾದಂತೆ ಹೊರಳಿತು.

ವಾಪಸು ಬರುವಾಗ ಸಂತೋಷವಾಗಬೇಕಿತ್ತು, ಆಗಲಿಲ್ಲ. ತಲೆ ಮೇಲಿದೆ. ಕಾಲು ಕೆಳಗಿದೆ. ಮುಂತಿಯಾಳದ್ದೂ ಹಾಗೇ ಇತ್ತಲ್ಲ. ಬು ರೆತ್ನೊ ಹೇಳಿದ್ದು ನಿಜವಿರಬಹುದು, ಓದಿದವರ ನಿಜ. ಆದರೆ ತಿಂದದ್ದು ನಿನ್ನೆ, ತಲೆ ಮೇಲಾಗಿರುವುದು ಇವತ್ತು, ಈ ಎರಡರ ನಡುವೆ ಇರುವ ರಾತ್ರಿಯನ್ನು ಯಾವ ಯಂತ್ರ ನೋಡಿದೆ? ಅವಳು ಹೊಟ್ಟೆಯೊಳಗೆ ಕಪ್ಪು ನೀರನ್ನು ಕಂಡಳು, ಅದರಲ್ಲಿ ಮೂಳೆಯಿಲ್ಲದ ಏನೋ ಒಂದು ಹಿಂದಕ್ಕೆ, ಹಿಂದಕ್ಕೆ ಜಾರುವುದನ್ನು ಕಂಡಳು. ಅಮಿತ್ ಅಮಿತ್. ಮಾಕ್ ಪಕ್ಕದಲ್ಲಿ ಮಾತಿಲ್ಲದೆ ನಡೆಯುತ್ತಿದ್ದಳು. ಬೈದರೆ ಬೈಯಲಿ, ಬೈಗುಳಕ್ಕೆ ಒಂದು ಅಂಚು ಇರುತ್ತದೆ, ಅದನ್ನು ಹಿಡಿದು ಅಳಬಹುದು. ಒಣಗುಚಪ್ಪರದ ಹತ್ತಿರ ಮಾಕ್ ನಿಂತಳು. ಮುಂತಿಯಾ ಏನೂ ಕೇಳದೆ ಎದ್ದು, ತೇಗದ ಎಲೆಯಲ್ಲಿ ಸುತ್ತಿ ಇಟ್ಟಿದ್ದ ಹಸಿ ಪೊಟ್ಟಣವೊಂದನ್ನು ಮಾಕ್‌ಳ ಕೈಗೆ ಕೊಟ್ಟಳು. ಎಲೆಯ ಮಡಿಕೆಯಿಂದ ಕಪ್ಪು ಹನಿ ತೊಟ್ಟಿಕ್ಕಿತು.

"ನಿನ್ನೇದು ಬೆಕ್ಕಿಗೆ ಸಾಕಾಯ್ತಾ ಮಾಕ್?" ಎಂದಳು ಮುಂತಿಯಾ, ತುರ್ಸಿನಿಯ ಕಡೆ ನೋಡದೆ.

"ತಟ್ಟೆ ನೆಕ್ಕಿತ್ತು" ಎಂದಳು ಮಾಕ್.

ತುರ್ಸಿನಿ ಆ ಕಪ್ಪು ಹನಿಯನ್ನೇ ನೋಡಿದಳು. ಆ ಹಳದಿ ಬೆಕ್ಕಿಗೆ ಮಾಕ್ ಹಾಕುವುದು ಮೀನಿನ ತಲೆ, ಅದೂ ಅಂಗಳಕ್ಕೆ ಬಿಸಾಡಿ. ಅದಕ್ಕೆ ನಿಂಬೆಹುಲ್ಲು ಹಾಕಿ ಸಾರು ಮಾಡಿದವರು ಯಾರು? ಅಟ್ಟದಿಂದ ತಟ್ಟೆ ಇಳಿಸಿದವರು ಯಾರು? ಹೌದು, ಅದು ತನ್ನದೇ ತಟ್ಟೆ, ಅಂಚಿನಲ್ಲಿ ಒಂದು ನೀಲಿ ಹೂವಿನದು. ನೆಕ್ಕುವ ಅವಸರದಲ್ಲಿ ಅವಳು ಅದನ್ನು ಗುರುತಿಸಿರಲಿಲ್ಲ. ಹಲ್ಲಿಲ್ಲದ ಮಾಕ್‌ಗಂತೂ ಬೊಂಡಾಸ್ ಅಗಿಯುವುದು ಈ ಜನ್ಮದಲ್ಲಿ ಸಾಧ್ಯವಿಲ್ಲ. ತುರ್ಸಿನಿ ಮುಂತಿಯಾಳನ್ನು ನೋಡಿದಳು. ಏನಾದರೂ ಅನ್ನಬೇಕಿತ್ತು. ಬೆಳಿಗ್ಗೆ ಹೇಳಿದ್ದನ್ನು ಬಾಯಿಗೆ ವಾಪಸು ತುಂಬಿಕೊಳ್ಳುವ ಮಾತು ಯಾವ ಭಾಷೆಯಲ್ಲೂ ಇದ್ದಂತಿಲ್ಲ. ಅವಳು ಹೋಗಿ ಮುಂತಿಯಾ ಎದ್ದುಬಿಟ್ಟ ಮಣೆಯ ಮೇಲೆ ಕೂತಳು.

"ಏಳೇ, ಏಳು" ಎಂದು ಮುಂತಿಯಾ ಗಾಬರಿಯಾದಳು. "ಯಾರಾದ್ರೂ ನೋಡ್ತಾರೆ."

"ಕಾಲು ನೋಯ್ತಿದೆ ಯು" ಎಂದಳು ತುರ್ಸಿನಿ. ಮೈಯೆಲ್ಲ ಹೆದರಿಕೆಯಿಂದ ಜುಮ್ಮೆನ್ನುತ್ತಿತ್ತು. ಆದರೂ ಸ್ವಲ್ಪ ಹೊತ್ತು ಕೂತೇ ಇದ್ದಳು.

ಸಂಜೆಗೆ ಮನೆ ತುಂಬ ಅದೇ ವಾಸನೆ. ಮಾಕ್ ನೀಲಿ ಹೂವಿನ ತಟ್ಟೆಗೆ ಅನ್ನ ಬಡಿಸಿ, ಮೇಲೆ ಕಪ್ಪು ಸಾರು ಸುರಿದು, ಪಕ್ಕದಲ್ಲಿ ಚೀಲದಿಂದ ತೆಗೆದ ಬೆಳಗಿನ ಮೊಟ್ಟೆಯನ್ನು ಸುಲಿದು ಇಟ್ಟಳು. ಬಿದಿರಿನ ಮುಚ್ಚಳ ಮುಚ್ಚಿದಳು. ಗೋಡೆಗೋ ಸೂರಿಗೋ ಅದರಾಚೆ ಕಿವಿಗೊಟ್ಟು ಕೂತ ಯಾರಿಗೋ ಕೇಳುವಂತೆ ಗಟ್ಟಿಯಾಗಿ, "ಇದು ಬೆಕ್ಕಿಗೆ. ಯಾರೂ ಮುಟ್ಬಾರ್ದು" ಎಂದು ತಲೆಗೆ ಬಟ್ಟೆ ಹಾಕಿಕೊಂಡು ಹೊರಟಳು. ಜಗಲಿ ಇಳಿದ ಸದ್ದು ಬಂತು. ಬೇಲಿ ದಾಟಿದ ಸದ್ದು ಬರಲಿಲ್ಲ. ಮಾಕ್ ಹೊರಗೆ ಬಾವಿಕಟ್ಟೆಯ ಮೇಲೇ ಕೂತುಬಿಟ್ಟಿದ್ದಾಳೆ ಎಂದು ತುರ್ಸಿನಿಗೆ ಗೊತ್ತಾಯಿತು.

ತಟ್ಟೆಯ ಮುಂದೆ ಕೂತಳು. ನಿನ್ನೆ ಹಸಿವು ಇವಳನ್ನು ತಳ್ಳಿತ್ತು, ಇವತ್ತು ತಳ್ಳುವವರು ಯಾರೂ ಇಲ್ಲ; ಪ್ರತಿ ತುತ್ತನ್ನೂ ತಾನೇ ಎತ್ತಬೇಕು. ಬಿಸ್ಮಿಲ್ಲಾ ಎಂದಳು. ಅದು ಸಾಲದೆನಿಸಿ ಅಮಿತ್ ಅಮಿತ್ ಎಂದಳು. ಮೊದಲ ತುಂಡು ಬಾಯಲ್ಲಿ ರಬ್ಬರಿನಂತೆ ಹೊರಳಿತು. ತಲೆ ಮೇಲಿದೆ, ಕಾಲು ಕೆಳಗಿದೆ. ತಿನ್ನದೆ ಇದ್ದರೂ ಮಾಕ್‌ಳ ಮೂರೂ ಹೋದವು. ತಿಂದಳು. ಪ್ರತಿ ತುತ್ತಿಗೂ ಎಡಗೈಯಿಂದ ಹೊಟ್ಟೆ ಸವರುತ್ತ, ಹೆದರುತ್ತ, ಕಣ್ಣೀರನ್ನು ಸಾರಿಗೆ ಬೀಳಿಸುತ್ತ ತಿಂದಳು. ಮೊಟ್ಟೆಯನ್ನು ಕೊನೆಗೆ ತಿಂದಳು. ತಟ್ಟೆಯಲ್ಲಿ ಏನೂ ಉಳಿಯದಿದ್ದಾಗ ಒಳಗಿನದು ಎಡಪಕ್ಕೆಯಲ್ಲಿ ಒದೆಯಿತು. ಮೆತ್ತಗಲ್ಲ, ನೋಯುವಷ್ಟು.

ಮಾಕ್ ಒಳಗೆ ಬಂದು ಮುಚ್ಚಳ ಎತ್ತಿ ನೋಡಿದಳು. ತುರ್ಸಿನಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ತನ್ನ ತಲೆಬಟ್ಟೆಯ ತುದಿಯನ್ನು ಉಗುಳಿನಿಂದ ಒದ್ದೆ ಮಾಡಿ ಅವಳ ತುಟಿಯಂಚಿನ ಮಸಿಯನ್ನು ಒರೆಸಿದಳು, ಉಜ್ಜಿದಳು.

"ಬೆಕ್ಕು ಬಂದಿತ್ತಾ?"

"ಬಂದಿತ್ತು ಮಾಕ್."

"ತಿಂತಾ?"

"ತಿಂತು."

"ನಾನು ಕೊಟ್ಟಿಲ್ಲ. ನೀನು ತಿಂದಿಲ್ಲ" ಎಂದಳು ಮಾಕ್. ಅವಳ ದನಿ ತೀರಾ ತಗ್ಗಿತ್ತು. "ಯಾರು ಕೇಳಿದ್ರೂ ಅಷ್ಟೇ. ಆಯ್ತಾ ನ್ದುಕ್?"

ಸ್ವಂತ ಮಗಳನ್ನು ಕರೆಯುವ ಹಾಗೆ ಕರೆದಳು, ಮೊದಲ ಸಲ. ತುರ್ಸಿನಿ ಹೂಂ ಅಂದಳು. ಮಾಕ್‌ಳ ಕೈ ಹಿಡಿದು ಪಕ್ಕೆಯ ಮೇಲೆ, ಒದ್ದ ಜಾಗದಲ್ಲಿ ಇಟ್ಟುಕೊಂಡಳು. ಹಳದಿ ಬೆಕ್ಕು ಅದೇ ಆಗ ಹೊಸ್ತಿಲಿಗೆ ಬಂದು, ಖಾಲಿ ತಟ್ಟೆಯನ್ನೂ ಇಬ್ಬರು ಹೆಂಗಸರನ್ನೂ ನೋಡಿ ಕೂಗಿತು.

"ಹಚಾ" ಎಂದು ಗದರಿದಳು ಮಾಕ್, ಕೈ ತೆಗೆಯದೆ. "ಈಗ ತಾನೇ ತಿಂದು ಹೋಗಿದೀಯಲ್ಲೇ."